ತಳ್ಳಿದ್ದು ಸ್ಕೂಟರನ್ನು ಮಾತ್ರ

ಹೆದರುವುದರಲ್ಲಿ ನಾನು ಎಂದೂ ಪಕ್ಷಭೇದ ಮಾಡಿದವನಲ್ಲ. ಅಧಿಕಾರದಲ್ಲಿರುವವರನ್ನು ಕಂಡರೆ ಹೆದರುತ್ತೇನೆ. ಅಧಿಕಾರ ಕಳೆದುಕೊಂಡವರನ್ನು ಕಂಡರೆ ಇನ್ನೂ ಸ್ವಲ್ಪ ಹೆಚ್ಚು, ಅವರು ಮತ್ತೆ ಬರುತ್ತಾರಲ್ಲ! ಕನಕಪುರದ ಒಂದು ಸರ್ಕಾರಿ ಕಚೇರಿಯ ಗುಮಾಸ್ತ ನಾನು. ನೌಕರರು ರಾಜಕೀಯ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳಕೂಡದೆಂಬ ನಿಯಮ ನನಗೆ ಬಾಯಿಪಾಠ. ಓಟು ಹಾಕಿದ ದಿನ ಬೆರಳಿನ ಮಸಿಯನ್ನೂ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಓಡಾಡುವ ಆಸಾಮಿ.

ಪೆಟ್ರೋಲ್ ಬೆಲೆ ಮತ್ತೆ ಏರಿದ ಮೇಲೆ ಸ್ಕೂಟರಿಗೆ ತೀರ್ಥ ಕೊಟ್ಟಂತೆ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಅದು ನಿಂತೇ ಹೋಯಿತು. ತಳ್ಳಿಕೊಂಡು ತಿರುವು ದಾಟಿದರೆ, ಎದುರಿಗೆ ಐವತ್ತು ಜನ ಬೈಕು ತಳ್ಳುತ್ತ, ಕೇಂದ್ರ ಸರ್ಕಾರಕ್ಕೆ ಧಿಕ್ಕಾರ ಕೂಗುತ್ತ ಬರುತ್ತಿದ್ದಾರೆ! ಮುಂದಾಳು ಪುಟ್ಟಸ್ವಾಮಿ ನನ್ನ ಹೈಸ್ಕೂಲು ಸಹಪಾಠಿ. "ಲೇ, ನೀನೂ ಬಂದ್ಬುಟ್ಟಾ! ನೋಡ್ರಪ್ಪ, ನೌಕರರ ಹೊಟ್ಟೆಗೂ ಬೆಂಕಿ ಬಿದ್ದೈತೆ!" ಎಂದು ಅರಚಿದ. "ಪೆಟ್ರೋಲ್ ಖಾಲಿ ಕಣ್ಲಾ, ನನ್ನ ಬುಟ್ಬುಡು" ಎಂದು ಗೋಗರೆದೆ. "ಅದನ್ನೇ ಮೈಕಲ್ಲಿ ಹೇಳು!" ಎಂದು ಕೊರಳಿಗೆ ಹಾರ ಹಾಕಿದ. ಫೋಟೋ ತೆಗೆದೇ ಬಿಟ್ಟರು.

ಹೇಗೋ ತಪ್ಪಿಸಿಕೊಂಡು ಪೇಟೆ ಬೀದಿಗೆ ನುಗ್ಗಿದೆ. ಅಲ್ಲಿ ಎದುರು ಪಕ್ಷದವರು, ಎತ್ತಿನ ಗಾಡಿ ಕಟ್ಟಿಕೊಂಡು, ಬೆಲೆಯೇರಿಕೆಗೆ ರಾಜ್ಯದ ತೆರಿಗೆಯೇ ಕಾರಣವೆಂದು ಕೂಗುತ್ತಿದ್ದರು. "ಪಾಪ, ಸಾಹೇಬ್ರು ತಳ್ಕೊಂಡ್ ಬತ್ತಾವ್ರೆ, ಗಾಡಿಗ್ ಹತ್ಸ್ರಲಾ" ಎಂದರು ಒಬ್ಬರು. ಬೇಡವೆನ್ನುವಷ್ಟರಲ್ಲಿ ನಾನೂ ಸ್ಕೂಟರೂ ಗಾಡಿಯ ಮೇಲಿದ್ದೆವು. ಎತ್ತು ಎಳೆದ ರಭಸಕ್ಕೆ ಬೀಳದಿರಲೆಂದು ಮೇಲೆತ್ತಿದ ನನ್ನ ಕೈ, ಫೋಟೋದಲ್ಲಿ ಘೋಷಣೆ ಕೂಗುವ ಕೈಯಾಯಿತು.

ಸಂಜೆಯ ಹೊತ್ತಿಗೆ ಎರಡೂ ಚಿತ್ರಗಳು ಊರಿನ ಮೊಬೈಲುಗಳನ್ನೆಲ್ಲ ಸುತ್ತಿ ಮನೆಗೂ ಬಂದಿದ್ದವು. "ಬೆಳಿಗ್ಗೆ ಅವ್ರ ಜೊತೆ, ಆಮೇಲೆ ಇವ್ರ ಜೊತೆ. ಎಲೆಕ್ಷನ್‌ಗೆ ನಿಲ್ತೀರೇನ್ರೀ?" ಎಂದಳು ಹೆಂಡತಿ. ನನಗೆ ನಗು ಬರಲಿಲ್ಲ. ಅಮಾನತು, ವಿಚಾರಣೆ, ಮಗಳ ಕಾಲೇಜು ಎಲ್ಲ ಕಣ್ಣ ಮುಂದೆ ಬಂದವು, ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದೆ. ಕ್ಷಮಾಪಣೆ ಪತ್ರ ಬರೆದೆ. ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಕಚೇರಿಯಲ್ಲಿ ನಮ್ಮ ಸಾಹೇಬರು ಕರೆಸಿದರು. ನಾನು ಒಳಗೆ ಹೋದೊಡನೆ ಬಾಗಿಲು ಹಾಕಿದರು. "ಎರಡೂ ಫೋಟೋ ನೋಡಿದೆ" ಎಂದರು. ಜೇಬಿನ ಪತ್ರಕ್ಕೆ ಕೈ ಹಾಕಿದೆ. ಅವರು ದನಿ ತಗ್ಗಿಸಿದರು: "ಎರಡೂ ಕಡೆಯೋರು ನಿಮಗೆ ಇಷ್ಟು ಹತ್ತಿರ ಅಂತ ಗೊತ್ತೇ ಇರಲಿಲ್ಲ ಕಣ್ರೀ. ನನ್ನ ಮೈಸೂರು ವರ್ಗಾವಣೆ ನಿಂತ್ಹೋಗಿದೆ. ಒಂದು ಮಾತು ಹೇಳ್ತೀರಾ?"

ಪೆಟ್ರೋಲ್ ಖಾಲಿಯಾಗಿತ್ತೆಂಬ ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಆ ಫೋಟೋಗಳು ಮತ್ತೆ ಅಪರಾಧವಾಗುತ್ತವಲ್ಲ! ಪತ್ರವನ್ನು ಜೇಬಿನಾಳಕ್ಕೆ ತಳ್ಳಿದೆ. "ನೋಡೋಣ ಸಾರ್, ಮೇಲಿನೋರ ಹತ್ತಿರ ಮಾತಾಡ್ತೀನಿ" ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಜೀವನದಲ್ಲಿ ಮೊದಲ ಬಾರಿಗೆ ನನಗೆ ನನ್ನನ್ನು ಕಂಡೇ ಭಯವಾಯಿತು.