ಉಸಿರು ಎಳೆಯುವ ನಳ

ನಮ್ಮ ಮಿರಜಿನ ಓಣಿಯಲ್ಲಿ ಒಂದು ದೆವ್ವ ಬಿಟ್ಟು ಹೋದರೆ ಇನ್ನೊಂದು ಬಾಡಿಗೆಗೆ ಬರುತ್ತದೆ. ಜಾಗ ಖಾಲಿ ಬಿದ್ದದ್ದು ನಾನಂತೂ ಕಂಡಿಲ್ಲ. ಹೋದ ವರ್ಷ ಎದುರು ಮನೆಗೆ ಬಂದಿತ್ತು. ನನ್ನ ಕಟ್ಟೆಯ ಮೇಲೆ ಕೂತರೆ ಅವರ ಬಚ್ಚಲ ತನಕ ಕಾಣುತ್ತದೆ. ನೋಡಬೇಕಂತ ನೋಡುವುದಲ್ಲ, ಕಣ್ಣು ಇರುವುದೇ ಆ ಕಡೆಗೆ.

೧. ಗೋಡೆ ಬಡಿಯುವವರು

ಎದುರು ಮನೆಯವರು ಸಾಂಗಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರದವರು. ಸೊಸೆ ಸಲಗರೆ ಹಳ್ಳಿಯ ಹುಡುಗಿ, ಬಸ್ ಹಿಡಿದು ಇಂಜಿನಿಯರಿಂಗ್ ಕಾಲೇಜಿಗೆ ಹೋಗುವವಳು. ಓದಿಸುತ್ತೇವೆ ಅಂತ ಮಾತು ಕೊಟ್ಟೇ ಮದುವೆ ಮಾಡಿಕೊಂಡಿದ್ದರು.

ಅವಳು ಬಂದ ತಿಂಗಳೇ ಗೋಡೆಯೊಳಗೆ ಸಪ್ಪಳ ಸುರುವಾಯಿತು. ಅತ್ತೆ ನಳ ಬಂದ್ ಮಾಡಿದಾಗಲೆಲ್ಲ ಧಡ್! ಒಳಗಿಂದ ಯಾರೋ ಮುಷ್ಟಿ ಕಟ್ಟಿ ಗುದ್ದಿದ ಹಾಗೆ.

"ಸೊಸಿ ಕಾಲಗುಣ," ಅಂದಳು ಅತ್ತೆ. ನಾನೂ ಹೂಂ ಅಂದೆ. ಸುಮ್ಮನಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು.

ಸೊಸೆ ಪುಸ್ತಕ ಹಿಡಿದೇ ಬಂದಳು. "ದೆವ್ವ ಅಲ್ರಿ ಅತ್ತಿ. ಓಡೋ ನೀರು ಒಮ್ಮಿಗೇ ನಿಂದರಿಸಿದ್ರ ಹಿಂಗ ಬಡೀತೈತಿ. ಬಸ್ಸಿಗೆ ಗಪ್ಪನ ಬ್ರೇಕ್ ಹಾಕಿದ್ರ ಮಂದಿ ಮುಂದ ಹೋಗಿ ಬೀಳೂದಿಲ್ಲೇನ್ರಿ? ನಳಾ ಸಾವಕಾಶ ತಿರುವ್ರಿ."

ಅತ್ತೆ ಸಾವಕಾಶ ತಿರುವಿದಳು. ಸಪ್ಪಳವಿಲ್ಲ.

"ನೋಡಿದ್ರೇನ್ರಿ ಮಾವಶಿ," ಅಂದಳು ಅತ್ತೆ ನನಗೆ, "ದೆವ್ವಾನೂ ಇಕಿ ಮಾತೇ ಕೇಳತೈತಿ!"

೨. ಬಾಯಿ ತೆರೆದ ನಳ

ಮುಂದೆ ನಳವೇ ಉಸಿರು ಎಳೆಯತೊಡಗಿತು. ಮುಂಜಾನೆ ನೀರು ಬಿಡುವ ಹೊತ್ತಿಗೆ ತಿರುವಿದರೆ ಹನಿ ನೀರಿಲ್ಲ. ಹಸ್ ಅಂತ ಗಾಳಿ ಒಳಗೆ ಹೋಗುತ್ತದೆ. ಊದುಕಡ್ಡಿ ಹಿಡಿದರೆ ಹೊಗೆಯನ್ನೂ ನುಂಗಿತು. ಅತ್ತೆ ಬೆರಳು ಇಟ್ಟಳು, ಬೆರಳು ಹಿಡಿದುಕೊಂಡಿತು.

"ಅಗಬಾಯಿ! ಒಳಗಿಂದ ಎಳೀತೈತಿ!"

ಅವತ್ತೇ ನಾನು ನನ್ನ ನಳಕ್ಕೆ ಬಟ್ಟೆ ಸುತ್ತಿದೆ. ದೆವ್ವ ನೋಡುವುದು ಬೇರೆ, ಮನೆಗೆ ಕರೆದುಕೊಳ್ಳುವುದು ಬೇರೆ.

ಸೊಸೆ ಹೇಳಿದಳು: "ಓಣ್ಯಾಗ ಯಾರೋ ಪೈಪಿಗೆ ಮೋಟರ್ ಹಚ್ಚಿ ನೀರು ಎಳ್ಯಾಕತ್ತಾರ್ರಿ. ಅಲ್ಲಿ ಎಳದ್ರ ಇಲ್ಲಿ ಪ್ರೆಶರ್ ಇಳದು ಗಾಳಿ ಒಳಗ ಹೋಗತೈತಿ. ಇದು ಕಳವು."

ಅತ್ತೆಗೆ ಸಿಟ್ಟು ಬಂತು. "ಬಾಯಿ ಮುಚ್ಚ! ನಮ್ಮದು ಮಾನವಂತರ ಓಣಿ. ಇಲ್ಲಿ ದೆವ್ವ ಇದ್ದಾವು, ಕಳ್ಳರಿಲ್ಲ!"

೩. ಕುಂಕುಮದ ಬಕೆಟ್

ಓಣಿಯ ಕೊನೆ ಮನೆಯ ದೇವರಿಸಿಯನ್ನು ಕರೆಸಿದರು. ದೆವ್ವ ಬಿಡಿಸುವುದೇ ಅವನ ಧಂದೆ. ನಳ ನೋಡಿದ, ಸೊಸೆಯ ಪುಸ್ತಕ ತೆರೆದು ನೋಡಿದ.

"ಇದರಾಗ ಬರೇ ನೀರಿಂದೇ ಚಿತ್ರ ಅದಾವ. ಓದಿ ಓದಿ ಇಕೀನೇ ಕರದಾಳ. ಪುಸ್ತಕ ಕಟ್ಟಿಡ್ರಿ, ಇಕಿನ್ನ ಸಲಗರಿಗೆ ಕಳಸ್ರಿ."

ಪರೀಕ್ಷೆ ಮುಂದಿನ ವಾರವಿತ್ತು. ಅತ್ತೆ ಪುಸ್ತಕಗಳನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟಿಯೇ ಬಿಟ್ಟಳು.

ದೇವರಿಸಿ ಬಕೆಟ್ಟಿನಲ್ಲಿ ಕುಂಕುಮ ಕಲಸಿದ. ನಳದ ರಬ್ಬರ್ ಪೈಪಿನ ತುದಿ ಅದರಲ್ಲಿ ಮುಳುಗಿಸಿ, ಮಂತ್ರ ಹೇಳಿ ನಳ ತಿರುವಿದ. ಗೊಟಕ್, ಗೊಟಕ್. ನಮ್ಮ ಕಣ್ಣೆದುರಿಗೇ ಕೆಂಪು ನೀರು ಇಳಿಯಿತು.

"ಕುಡೀತು! ದೆವ್ವ ಕುಡೀತು!" ಅಂತ ದೇವರಿಸಿ ಕುಣಿದ.

ಅಷ್ಟರಲ್ಲಿ ಓಣಿಯ ಕೊನೆಯಿಂದ ಅವನ ಹೆಂಡತಿ ಚೀರಿದಳು: "ಅಹೋ! ನಮ್ಮ ಹಂಡೇದಾಗ ರಕ್ತ ಬರಾಕತ್ತೈತಿ!"

ಓಡಿ ಹೋದವನು ಅಷ್ಟೇ ಜೋರಿನಲ್ಲಿ ತಿರುಗಿ ಬಂದು ಬಾಗಿಲಿಗೆ ಆತು ನಿಂತು ಅತ್ತೆಯನ್ನು ಕೇಳಿದ: "ಕಾಕು, ದೆವ್ವ ಬಿಡಸೋರು ಯಾರರೆ ಗೊತ್ತದಾರೇನ್ರಿ?"

ಸೊಸೆ ಅವನ ಮನೆಗೆ ಹೋಗಿ, ದೇವರ ಜಗಲಿಯ ಹಿಂದೆ ಗುಂಯ್ ಅನ್ನುತ್ತಿದ್ದ ಮೋಟರ್ ಬಂದ್ ಮಾಡಿದಳು. ಇಲ್ಲಿ ಬಕೆಟ್ ಸುಮ್ಮನಾಯಿತು.

ಅತ್ತೆ ಗಂಟು ಬಿಚ್ಚಿ ಪುಸ್ತಕಗಳನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಓದಕೋ ಹೋಗ. ಮಾನವಂತರು ಇನ್ನೂ ಎಷ್ಟ ಮಂದಿ ಅದಾರ ನೋಡೂಣು."

೪. ನನ್ನ ನಳ

ಹುಡುಗಿ ಪಾಸಾದಳು. ಈಗ ಓಣಿಯಲ್ಲಿ ಯಾವ ಮನೆಯಲ್ಲಿ ಏನು ಸಪ್ಪಳವಾದರೂ ಅವಳನ್ನೇ ಕರೆಯುತ್ತಾರೆ. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಾನೂ ಕರೆದೆ. ಬಟ್ಟೆ ಸುತ್ತಿದ ನನ್ನ ನಳ ಉಸಿರು ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ನೀರು ಬಿಡುವ ಹೊತ್ತಲ್ಲ. ಮೋಟರ್ ನಡೆಯಲು ಓಣಿಯಲ್ಲಿ ಕರೆಂಟೂ ಇರಲಿಲ್ಲ.

ಹುಡುಗಿ ಬೆರಳು ಇಟ್ಟು ನೋಡಿದಳು, ತಟ್ಟನೆ ತೆಗೆದಳು. ಪುಸ್ತಕದ ಹಾಳೆ ತಿರುವಿದಳು, ಹಿಂದಕ್ಕೆ, ಮುಂದಕ್ಕೆ.

"ಏನಂತೈತಿ ಪುಸ್ತಕ?" ಅಂದೆ.

ಪುಸ್ತಕ ಮುಚ್ಚಿ ಎದೆಗೆ ಅವಚಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲ ತನಕ ಹೋಗಿ ಅಂದಳು: "ಆಯಿ, ಇದು ನಮ್ಮ ಸಿಲೆಬಸ್‌ದಾಗ ಇಲ್ರಿ."