ಪಟ್ಟಿಯಲ್ಲಿ ಇರದ ಹುರುಳಿ

ನಾನು ನಿಂತಿದ್ದದ್ದು ಮೋರಿಯ ಈಚೆಗೆ, ಎಡಗಡೆಯ ಮೈಲಿಗಲ್ಲಿನ ಪಕ್ಕದಲ್ಲಿ, ರಸ್ತೆಯ ಅಂಚಿನಿಂದ ಮೂರು ಮಾರು ದೂರ. ಹೊತ್ತು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತೊಂಬತ್ತರ ದಶಕದ ನಡುವಿನ ಒಂದು ಜನವರಿ, ಶನಿವಾರ. ಬಲಗೈಯಲ್ಲಿ ಕೆಂಪು ಬಾವುಟ, ಕೊರಳಲ್ಲಿ ಸೀಟಿ, ತಲೆಯ ಮೇಲೆ ಯಾವುದೋ ಎಣ್ಣೆ ಕಂಪನಿಯವರು ಕೊಟ್ಟ ಟೋಪಿ. ಟೋಪಿ ದೊಡ್ಡದಾಗಿದ್ದರಿಂದ ಒಳಗೆ ಕರವಸ್ತ್ರ ಮಡಿಸಿಟ್ಟುಕೊಂಡಿದ್ದೆ. ಖಚಿತವಾಗಿ ಬರೆಯುವುದು ನನ್ನ ಚಟ. ಗ್ರಾಮ ಲೆಕ್ಕಿಗನಾಗಿ ಇಪ್ಪತ್ತೆಂಟು ವರ್ಷ ಪಹಣಿ ಬರೆದಿದ್ದೇನೆ. ಮನೆಯಲ್ಲಿ ಹಾಲು ಉಕ್ಕಿದರೂ "ಯಾವ ದಿಕ್ಕಿಗೆ ಉಕ್ಕಿತು?" ಎಂದು ಕೇಳುವ ಮನುಷ್ಯ ಎಂದು ನನ್ನ ಹೆಂಡತಿ ಗಿರಿಜ ನೆಂಟರ ಎದುರು ಹೇಳುತ್ತಿದ್ದಳು. ಇಂಥ ನಾನು ಜೀವಮಾನದಲ್ಲಿ ಒಂದು ಕಾಗದವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯಲಿಲ್ಲ. ಅದನ್ನು ಹೇಳಿಕೊಳ್ಳಲು ಇಷ್ಟು ಪೀಠಿಕೆ.

ಆ ಮೋರಿ ಶಿಕಾರಿಪುರ ತಾಲ್ಲೂಕಿಗೂ ಸೊರಬ ತಾಲ್ಲೂಕಿಗೂ ಗಡಿ. ಎಮ್ಮೆಗಳನ್ನು ಬಿಟ್ಟರೆ ಉಳಿದವರೆಲ್ಲ ಆ ಗಡಿಯನ್ನು ಒಪ್ಪಿಕೊಂಡಿದ್ದರು. ಆ ವರ್ಷ ಕಾರು ಓಟದ ಒಂದು ಅಂತರರಾಷ್ಟ್ರೀಯ ಸರಣಿಯ ಮೊದಲ ಸುತ್ತು ನಮ್ಮ ಕಡೆ ಬಿತ್ತು. ವರ್ಷವಿಡೀ ಒಂದೊಂದು ದೇಶದಲ್ಲಿ ಒಂದೊಂದು ಸುತ್ತು, ಎಲ್ಲದರ ಅಂಕ ಕೂಡಿಸಿ ಕೊನೆಗೆ ಒಬ್ಬನಿಗೆ ಪಟ್ಟ. ಅಂಥದ್ದಕ್ಕೆ ನಮ್ಮ ಮಣ್ಣುರಸ್ತೆಯೇ ಏಕೆ ಬೇಕಾಯಿತು ಎಂದು ಊರಿನವರಿಗೆ ಬಗೆಹರಿಯಲಿಲ್ಲ. ಒಳ್ಳೆಯ ರಸ್ತೆ ಇರುವ ದೇಶದವರಿಗೆ ಕೆಟ್ಟ ರಸ್ತೆಯ ಆಸೆ ಇರುತ್ತದೆ ಎಂದು ನಾನು ವಿವರಿಸಿದೆ. ಯಾರೂ ನಂಬಲಿಲ್ಲ.

ಓಟಕ್ಕೆ ಒಂದು ವಾರ ಮೊದಲು ಆ ಕಾರಿನವರು ರಸ್ತೆ ನೋಡಲು ಬಂದರು. ಒಂದೊಂದರಲ್ಲಿ ಇಬ್ಬರು. ಒಬ್ಬ ನಡೆಸುವವನು, ಇನ್ನೊಬ್ಬ ಪಕ್ಕದಲ್ಲಿ ಕೂತು ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವವನು. ಅಂಥ ಬರೆಯುವವನೊಬ್ಬ ಮೋರಿಯ ಹತ್ತಿರ ಇಳಿದು, "ಸಾರ್, ಮಳೆ ಬಂದ್ರೆ ಇದರ ಮೇಲೆ ನೀರು ಹತ್ತುತ್ತಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದ. ಮೈಸೂರಿನವನು, ಹೆಸರು ಪ್ರಸನ್ನ. ನಡೆಸುವವನು ವಿದೇಶಿ. ವರ್ಷವಿಡೀ, ಎಲ್ಲ ದೇಶಗಳಲ್ಲೂ ಅವನ ಪಕ್ಕ ಕೂರುವ ಅವಕಾಶ ಪ್ರಸನ್ನನಿಗೆ ಮೊದಲ ಸಲ ಸಿಕ್ಕಿತ್ತು. "ಅವನು ದಾರಿ ನೋಡಿ ಓಡಿಸಲ್ಲ ಸಾರ್, ನಾನು ಓದಿದ್ದನ್ನ ಕೇಳಿ ಓಡಿಸ್ತಾನೆ. ಒಂದು ಸಾಲು ತಪ್ಪು ಓದಿದ್ರೆ ಮುಗೀತು" ಎಂದು ನಕ್ಕ. ನನಗೆ ಅವನ ಮೇಲೆ ಪ್ರೀತಿ ಬಂತು. ನಮ್ಮ ರಸ್ತೆಗೆ ಪಹಣಿ ಬರೆದವನು ಅವನೊಬ್ಬನೇ.

ಇನ್ನು ಹುರುಳಿಯ ವಿಷಯ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ಡಾಂಬರು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಹಾದು ಕಾಯಿ ಒಡೆಯುತ್ತದೆ, ಕಾಳು ಉದುರುತ್ತದೆ. ಎತ್ತು ಬೇಡ, ಆಳು ಬೇಡ. ನಮ್ಮ ರಸ್ತೆ ಉದ್ದಕ್ಕೂ ಮಣ್ಣು. ಮೋರಿಯ ಅಕ್ಕಪಕ್ಕ ಒಂದು ಫರ್ಲಾಂಗು ಮಾತ್ರ ಡಾಂಬರು. ಹೀಗಾಗಿ ಆ ಒಂದು ಫರ್ಲಾಂಗು ಇಡೀ ಊರಿನ ಕಣ. ಓಟದ ಹಿಂದಿನ ಸಂಜೆ ಗಿರಿಜ ಊಟ ಬಡಿಸುತ್ತ ಲೆಕ್ಕ ಹಾಕಿದಳು. "ರೀ, ಮೂವತ್ತು ಕಾರು ಬರ್ತವಂತೆ. ಬಸ್ಸು ದಿನಕ್ಕೆ ಎರಡು ಸಲ. ಹದಿನೈದು ದಿನದ ಕೆಲಸ ಒಂದು ಗಂಟೇಲಿ ಆಗುತ್ತೆ." ನಾನು ಲೆಕ್ಕವನ್ನು ಪರಿಶೀಲಿಸಿದೆ. ಸರಿಯಾಗಿತ್ತು. ಪಕ್ಕದ ಹೊಲದ ಗಂಗಮ್ಮನಿಗೂ ಅದೇ ಲೆಕ್ಕ ಹೊಳೆದಿತ್ತು.

ಓಟ ನಡೆಸುವವರ ಕಡೆಯ ಒಬ್ಬರು ನನಗೆ ಬಾವುಟ ಕೊಟ್ಟು ಹೇಳಿದ್ದು ಇಷ್ಟು: ದನ, ನಾಯಿ, ಜನ, ಗಾಡಿ, ಈ ನಾಲ್ಕು ರಸ್ತೆಯ ಮೇಲೆ ಇರಕೂಡದು. ಅಪಾಯ ಕಂಡರೆ ಕೆಂಪು ಬಾವುಟ ಎತ್ತಬೇಕು. ಎತ್ತಿದರೆ ಓಟ ನಿಲ್ಲುತ್ತದೆ. ನಿಲ್ಲಿಸಿದ್ದು ಏಕೆಂದು ಆಮೇಲೆ ಬರೆದುಕೊಡಬೇಕು. ನಾನು ಪಟ್ಟಿಯನ್ನು ಎರಡು ಸಲ ಹೇಳಿಸಿ ಬರೆದುಕೊಂಡೆ. ಬೆಳಿಗ್ಗೆ ಗಿರಿಜ ಮತ್ತು ಗಂಗಮ್ಮ ಮೋರಿಯ ತಿರುವಿನಲ್ಲಿ ಮೊಣಕಾಲೆತ್ತರ ಹುರುಳಿ ಹರವುವಾಗ ಚೀಟಿ ತೆಗೆದು ನೋಡಿದೆ. ಪಟ್ಟಿಯಲ್ಲಿ ಹುರುಳಿ ಇರಲಿಲ್ಲ.

ಮೊದಲನೆಯ ಕಾರು ಬಂತು. ಹುರುಳಿ ಮಾಳಿಗೆಯೆತ್ತರ ಹಾರಿತು. ಕಾರಿಗೂ ಕಾರಿಗೂ ನಡುವೆ ಎರಡು ನಿಮಿಷ ಬಿಡುವು. ಅಷ್ಟರಲ್ಲಿ ಗಂಗಮ್ಮ ಕವೆಗೋಲು ಹಿಡಿದು ನುಗ್ಗಿ ಬಳ್ಳಿ ಮಗುಚಿ ಬಂದಳು. "ಆಹಾ, ಏನ್ ಚಂದ ಬಡೀತೈತ್ರೀ! ಇವ್ರನ್ನ ವರ್ಷಾ ಕರೆಸ್ರಿ ಶಾನುಭೋಗ್ರೇ!" ಎಂದಳು. ಎರಡನೆಯದೂ ಹಾದುಹೋಯಿತು. ನನಗೆ ಆಗ ಹೊಳೆಯದೆ ಇದ್ದದ್ದು ಇದು: ಪ್ರತಿ ಕಾರಿಗೂ ಬಳ್ಳಿ ತೆಳ್ಳಗಾಗುತ್ತಿತ್ತು, ಅಡಿಯಲ್ಲಿ ಕಾಳಿನ ಪದರ ದಪ್ಪಗಾಗುತ್ತಿತ್ತು. ಡಾಂಬರಿನ ಮೇಲೆ ಒಣಗಿದ ಹುರುಳಿ ಕಾಳು ಎಂದರೆ ಗೋಲಿ ಸುರಿದ ಹಾಗೆ. ಮೂರನೆಯ ಕಾರಿನ ಹಿಂಭಾಗ ನನ್ನ ಕಡೆಗೆ ಪೂರ್ತಿ ವಾಲಿ, ಹೇಗೋ ನೇರವಾಯಿತು. ಆಗ ತಿಳಿಯಿತು. ನನ್ನ ಕೈ ಭುಜದವರೆಗೆ ಎದ್ದಿತು. ಗಂಗಮ್ಮ ಬಗ್ಗಿದಲ್ಲಿಂದಲೇ, "ಇನ್ನೆರಡು ಹೋದ್ರೆ ಸಾಕ್ರೀ, ಬಾವುಟ ಗಿವುಟ ಎತ್ತಬ್ಯಾಡ್ರಿ" ಎಂದಳು. ನಾನು ಅವಳ ಮಾತಿಗೆ ಕೈ ತಡೆದೆನೆಂದು ಹೇಳಿದರೆ ಸುಳ್ಳು. ಕಾರಣ ಬರೆದುಕೊಡಬೇಕಲ್ಲ, ಏನೆಂದು ಬರೆಯಲಿ ಎಂದು ಯೋಚಿಸಿದೆ. ಹುರುಳಿ. ಯಾರದ್ದು? ಬಾವುಟ ಹಿಡಿದವನ ಹೆಂಡತಿಯದು. ಕೈ ಕೆಳಗಿಳಿಯಿತು.

ನಾಲ್ಕನೆಯದು ಪ್ರಸನ್ನನ ಕಾರು. ತಿರುವಿನಲ್ಲಿ ಅದು ತಿರುಗಲೇ ಇಲ್ಲ. ಅಡ್ಡಡ್ಡ ಜಾರಿ, ಎಡ ಮಗ್ಗುಲು ಮೋರಿಯ ಕಟ್ಟೆಗೆ ಬಡಿದು, ಆಚೆಯ ಹಳ್ಳಕ್ಕೆ ಉರುಳಿತು. ಶಿಕಾರಿಪುರದಲ್ಲಿ ಜಾರಿ ಸೊರಬದಲ್ಲಿ ಬಿತ್ತು. ಆಗ ಬಾವುಟ ಎತ್ತಿದೆ. ಗಾಡಿ ಚಕ್ರಕ್ಕೆ ಹಳಿ ಕಟ್ಟುವ ಬುಡೇನ್ ಸಾಬರು ಓಟ ನೋಡಲು ಬಂದವರು, ಕುಲುಮೆಗೆ ಓಡಿ ಗರಗಸ, ಸುತ್ತಿಗೆ ತಂದರು. ನಡೆಸುವವನು ಭುಜದ ಮೂಳೆ ಮುರಿದುಕೊಂಡು ತಾನೇ ಹೊರಗೆ ಬಂದ. ಪ್ರಸನ್ನನ ಎಡಗಾಲು ತಗಡಿನೊಳಗೆ ಸಿಕ್ಕಿತ್ತು. ಪುಸ್ತಕ ಇನ್ನೂ ಕೈಯಲ್ಲಿತ್ತು. ಕಣ್ಣು ಮುಚ್ಚಿಕೊಂಡು ಮುಂದಿನ ತಿರುವುಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದ. "ಯಾ ಅಲ್ಲಾ, ಇನ್ನೂ ದಾರಿ ಹೇಳ್ತಾ ಐತಲ್ಲ ಇದು" ಎಂದು ಬುಡೇನ್ ಸಾಬರು ಗರಗಸ ಎಳೆಯುತ್ತಲೇ ಅತ್ತರು.

ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಗಿರಿಜ, ಗಂಗಮ್ಮ ಪೊರಕೆ ಹಿಡಿದರು. ಯಾರೂ ಹೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಬೆಳೆ ರಸ್ತೆಯ ಮೇಲಿದ್ದರೆ ಬಳಿದು ಚೀಲಕ್ಕೆ ತುಂಬಬೇಕು, ಅಷ್ಟೇ. ಅರ್ಧ ಗಂಟೆಯಲ್ಲಿ ಡಾಂಬರು ದೇವರ ಮನೆಯ ಹಾಗಾಯಿತು. ಆಮೇಲೆ ಬಂದ ಪೊಲೀಸ್ ಜಮಾದಾರರು, ನೀವೇ ಕಣ್ಣಾರೆ ಕಂಡವರು, ಅಕ್ಷರವೂ ಚೆನ್ನಾಗಿದೆ, ಮಹಜರು ಬರೆಯಿರಿ ಎಂದರು. ಟೇಪು ಹಿಡಿದು ಅಳೆದೆ. ಮೈಲಿಗಲ್ಲಿನಿಂದ ಕಟ್ಟೆಗೆ ಐವತ್ತಮೂರು ಅಡಿ. ಕಟ್ಟೆ ಒಡೆದದ್ದು ನಾಲ್ಕು ಅಡಿ. ಬಿಸಿಲು ಇತ್ತು, ಗಾಳಿ ಇಲ್ಲ. "ರಸ್ತೆ ಒಣಗಿದ್ದು ಸ್ವಚ್ಛವಾಗಿತ್ತು." ಬರೆದ ಹೊತ್ತಿಗೆ ಅದು ನಿಜವೂ ಆಗಿತ್ತು. ಬುಡೇನ್ ಸಾಬರು ನನ್ನನ್ನೇ ನೋಡುತ್ತ ಸಹಿ ಹಾಕಿದರು. ಗಂಗಮ್ಮ ಹೆಬ್ಬೆಟ್ಟು ಒತ್ತಿದಳು.

ಆ ವರ್ಷವೆಲ್ಲ ನಾನು ಪತ್ರಿಕೆಯ ಆಟದ ಪುಟದ ಕೆಳಮೂಲೆಯನ್ನು ಓದುವವನಾದೆ. ಎರಡನೆಯ ಸುತ್ತಿಗೆ ಆ ವಿದೇಶಿ ಹೋಗಲಿಲ್ಲ. ಮೂರನೆಯದಕ್ಕೆ ಹೋದ, ಪಕ್ಕದಲ್ಲಿ ಬೇರೆಯವನು. ಮಳೆಗಾಲದ ಹೊತ್ತಿಗೆ ಒಂದು ಸುತ್ತು ಗೆದ್ದೂಬಿಟ್ಟ. ಗಿರಿಜ "ಯಾವ ಊರಲ್ಲಿ ಗೆದ್ದನಂತೆ?" ಎಂದು ಕೇಳುವಳು, ನಾನು ಹೇಳುವೆ, ಇಬ್ಬರೂ ಪ್ರಸನ್ನನ ಹೆಸರು ತೆಗೆಯುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಪ್ರಸನ್ನನೇ ಬಂದ. ಕಂಕುಳಲ್ಲಿ ಊರುಗೋಲು, ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಮಧ್ಯಾಹ್ನ, ಊಟದ ಹೊತ್ತು. ಗಿರಿಜ ಎಲೆ ಹಾಕಿದಳು. ಆವತ್ತು ಮನೆಯಲ್ಲಿ ಹುರುಳಿ ಕಟ್ಟಿನ ಸಾರು. ಆ ಹುರುಳಿಯೇ, ಚೀಲ ಇನ್ನೂ ಮುಗಿದಿರಲಿಲ್ಲ. ಅವನು ಎರಡು ಸಲ ಹಾಕಿಸಿಕೊಂಡು, "ಅಮ್ಮಾ, ಇಂಥ ಸಾರು ಮೈಸೂರಲ್ಲಿ ಸಿಗಲ್ಲ" ಎಂದ. ಗಿರಿಜ ಸೌಟು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದಳು.

ಕೈ ತೊಳೆದ ಮೇಲೆ ಅವನು ಪುಸ್ತಕ ತೆಗೆದ. "ಸಾರ್, ಹಿಂದಿನ ತಿರುವಿನವರೆಗೆ ನೆನಪಿದೆ. ಆಮೇಲೆ ಇಲ್ಲ. ನಾನು ತಪ್ಪು ಓದಿದೆ ಅಂತ ಅವನು ಹೇಳ್ತಾನೆ. ಅದಕ್ಕೇ ಯಾರೂ ಪಕ್ಕ ಕೂರಿಸಲ್ಲ. ಕಾಲಿಲ್ಲದಿದ್ರೂ ಓದಬಹುದು ಸಾರ್, ಓದೋಕೆ ಕಾಲು ಬೇಡ. ಮುಂದೆ ಹೋದ ಕಾರಿನವರು ಏನೋ ಸೊಪ್ಪು ಕಂಡ ಹಾಗಿತ್ತು ಅಂತಾರೆ, ಖಚಿತ ಇಲ್ಲ. ನೀವು ಅಲ್ಲೇ ನಿಂತಿದ್ರಲ್ಲ, ರಸ್ತೇಲಿ ಏನಾದ್ರೂ ಇತ್ತಾ?"

ನಾನು ಒಳಗೆ ಹೋಗಿ ಮಹಜರಿನ ನಕಲು ತಂದು ಓದಿದೆ. ಐವತ್ತಮೂರು ಅಡಿ. ಬಿಸಿಲು. ರಸ್ತೆ ಒಣಗಿದ್ದು ಸ್ವಚ್ಛವಾಗಿತ್ತು. ಅವನು ಪುಸ್ತಕದಲ್ಲಿ ಆ ತಿರುವಿನ ಹಾಳೆ ತೆರೆದ. "ಹಾಗಾದ್ರೆ ನಾನು ಬರೆದದ್ದೇ ತಪ್ಪು" ಎಂದು ನನ್ನ ಪೆನ್ನನ್ನೇ ಕೇಳಿ ಇಸಿದುಕೊಂಡು, ಮೋರಿಯ ತಿರುವಿನ ಸಾಲನ್ನು ಹೊಡೆದುಹಾಕಿ ಬೇರೆ ಬರೆದ. ಸರಿಯಾಗಿದ್ದ ಒಂದು ದಾಖಲೆಯನ್ನು ನನ್ನ ಕಣ್ಣೆದುರು, ನನ್ನ ಪೆನ್ನಿನಲ್ಲಿ ತಿದ್ದಿದ. ನಾನು ಪೆನ್ನಿನ ಮುಚ್ಚಳ ಹಿಡಿದುಕೊಂಡು ಕೂತಿದ್ದೆ.

ಅವನು ಹೋಗುವಾಗ ವಿಳಾಸ ಬರೆದುಕೊಟ್ಟ. ಅಂದಿನಿಂದ ನಾನು ಎಷ್ಟೋ ಲಕೋಟೆಗಳ ಮೇಲೆ ಅದನ್ನು ಅಚ್ಚುಕಟ್ಟಾಗಿ, ಪಿನ್ ಕೋಡ್ ಸಮೇತ ಬರೆದಿದ್ದೇನೆ. ಒಳಗೆ ಹಾಕುವ ಕಾಗದ ಮಾತ್ರ ಆಗಲಿಲ್ಲ. ಹೋದ ತಿಂಗಳು ಗಂಗಮ್ಮ ಕೋಲೂರಿಕೊಂಡು ಬಂದು ಜಗುಲಿಯ ಮೇಲೆ ಕೂತಳು. "ಅವತ್ತು ನೀವು ಬರೆದಿದ್ದಕ್ಕೆ ನಾ ಹೆಬ್ಬೆಟ್ಟು ಒತ್ತಿದೆ ಶಾನುಭೋಗ್ರೇ. ಇವತ್ತು ನಾ ಹೇಳ್ತೀನಿ, ನೀವು ಬರೀರಿ. ಹುರುಳಿ ಇತ್ತು ಅಂತ ಬರೀರಿ. ಯಾರದ್ದು ಅಂತಾನೂ ಬರೀರಿ."

ಬರೆದಿದ್ದೇನೆ. ರಸ್ತೆಯ ಮೇಲೆ ಹುರುಳಿ ಇತ್ತು. ಗಂಗಮ್ಮನದು, ನನ್ನದು. ಬಾವುಟ ನನ್ನ ಕೈಯಲ್ಲಿತ್ತು. ಪ್ರಸನ್ನ ಓದಿದ್ದು ಸರಿಯಾಗಿತ್ತು. ನಮ್ಮೂರಿನಲ್ಲಿ ಕಂಡವರು ನಾಲ್ವರು. ಬುಡೇನ್ ಸಾಬರು ತೀರಿಕೊಂಡರು, ಗಿರಿಜ ತೀರಿಕೊಂಡಳು. ಉಳಿದವರು: ಗಂಗಮ್ಮ, ಹೆಬ್ಬೆಟ್ಟು. ನಾನು, ಸಹಿ.