ಸೋದರಮಾವನ ಹೆಸರು ಹಾರಿಸಿದ ಕಟಿಂಗ್ ಮಷಿನ್ ಮಹಾಶಯರಿಗೆ

ಗೋವಿಂದರಾಜನಗರದ ಮುದ್ರಣಾಲಯದ ಹಿಂಗೋಣೆಯಲ್ಲಿ ವಿರಾಜಮಾನರಾಗಿರುವ ಕಾಗದ ಕತ್ತರಿಸುವ ಯಂತ್ರರಾಜರ ಸನ್ನಿಧಿಗೆ, ಬಸವೇಶ್ವರನಗರದ ಶೋಭಾರಾಣಿ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಮ್ಮ ಅಲಗು ಸದಾ ಹರಿತವಾಗಿರಲಿ ಎಂದು ಹಾರೈಸುತ್ತಲೇ, ನನ್ನ ಮಗಳ ಲಗ್ನಪತ್ರಿಕೆಯ ವಿಷಯದಲ್ಲಿ ತಾವು ತೋರಿದ ಕಾರ್ಯನಿಷ್ಠೆಯಿಂದ ನನಗೆ ತವರಿನ ಬಾಗಿಲೇ ಮುಚ್ಚಿಹೋಗಿದೆ ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಾನೂರು ಪತ್ರಿಕೆಗಳಲ್ಲೂ 'ತಮ್ಮ ಆಗಮನ ಬಯಸುವವರು' ಪಟ್ಟಿಯ ಕೊನೆಯ ಸಾಲನ್ನು ತಾವು ನೀಟಾಗಿ ಹಾರಿಸಿದ್ದೀರಿ. ಆ ಸಾಲಿನಲ್ಲಿದ್ದವನು ಕೆಂಗೇರಿಯ ನನ್ನಣ್ಣ ಅಂಜಿನಯ್ಯ, ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ. "ಪತ್ರಿಕೇಲೇ ಜಾಗ ಇಲ್ಲ ಅಂದ್ಮೇಲೆ ಮಂಟಪದಲ್ಲಿ ನಂಗೇನು ಕೆಲ್ಸ?" ಎಂದು ಫೋನಿಟ್ಟವನು ಮತ್ತೆ ಎತ್ತಿಲ್ಲ.

ವಿನ್ಯಾಸ ಮಾಡಿದ ಧನ್ಯಶ್ರೀ ಎಂಬ ಹುಡುಗಿ, "ಆಂಟಿ, ಸುತ್ತ ಬಿಟ್ಟಿರೋ ಜಾಗ ಕಟಿಂಗ್‌ಗೆ, ಅಲ್ಲಿ ಏನೂ ಹಾಕ್ಬಾರ್ದು" ಎಂದು ಮೂರು ಸಲ ಬಡಕೊಂಡಿದ್ದು ನಿಜ. ಆದರೆ ನಮ್ಮ ಯಜಮಾನರ ಕಡೆಯ ಏಳು ಜನ ದಾಯಾದಿಗಳು ತಮ್ಮ ಹೆಸರೂ ಬರಲಿ ಎಂದು ದುಂಬಾಲು ಬಿದ್ದಾಗ, ಅಷ್ಟಗಲ ಬಿಳೀ ಕಾಗದವನ್ನು ಸುಮ್ಮನೆ ಬಿಡುವುದಕ್ಕೆ ನನಗೇನು ತಲೆ ಕೆಟ್ಟಿತ್ತೇ? ಅವರನ್ನೆಲ್ಲ ಮೇಲೆ ತುರುಕಿಸಿ, ಅಣ್ಣ ನಮ್ಮವನೇ ಅಲ್ಲವೇ, ಹೊಂದಿಕೊಳ್ಳುತ್ತಾನೆ ಎಂದು ಅವನನ್ನು ಅಂಚಿಗೆ ತಳ್ಳಿಸಿದೆ. ಪ್ರೂಫಿಗೆ ಸಹಿ ಹಾಕಿದವಳೂ ನಾನೇ. ಹೀಗೆ ನನ್ನ ತಪ್ಪು ಎಳ್ಳಷ್ಟೂ ಇಲ್ಲದಿರುವುದರಿಂದ ಪೂರ್ತಿ ಹೊಣೆ ತಮ್ಮದೇ ಆಗುತ್ತದೆ.

ಆದಕಾರಣ ತಾವು ಭಾನುವಾರ ಬೆಳಿಗ್ಗೆ ಎಣ್ಣೆ ಜಿಡ್ಡು ಒರೆಸಿಕೊಂಡು, ವಿಜಯನಗರದಲ್ಲಿ ಮೆಟ್ರೋ ಹತ್ತಿ, ಕೆಂಗೇರಿಗೆ ಹೋಗಿ, ಹಣ್ಣು ತಾಂಬೂಲವಿಟ್ಟು ಅಣ್ಣನ ಕ್ಷಮೆ ಕೇಳಬೇಕಾಗಿ ಪ್ರಾರ್ಥನೆ. ದಯವಿಟ್ಟು ದಾರಿಯಲ್ಲಿ ವೀಳ್ಯದೆಲೆಯ ತುದಿ ಕತ್ತರಿಸಬೇಡಿ. ನಾನೇ ಹೋಗೋಣವೆಂದರೆ ಅವನಿಗೆ ಮುಖ ತೋರಿಸಲು ನಾಚಿಕೆಯಾಗುತ್ತಿದೆ. ಅವನಿಲ್ಲದೆ ಮಗಳು ಮಂಟಪಕ್ಕೆ ಬಂದರೆ ನನ್ನ ಕೈಲಿ ನೋಡಲಾಗುವುದಿಲ್ಲ.

ಅಂಚಿನಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಶೋಭಾರಾಣಿ

ವಿ.ಸೂ.: ತಾವು ಅಲ್ಲಾಡುವ ಲಕ್ಷಣ ಕಾಣದ್ದರಿಂದ ನಾನೇ ಹೋಗಿಬಂದೆ. ಅಣ್ಣನ ಹೆಸರಿನ ಸ್ಟಿಕ್ಕರ್ ಅಂಟಿಸಲು ಪತ್ರಿಕೆಯಲ್ಲಿ ಎಲ್ಲೂ ಜಾಗವಿಲ್ಲದೆ ನನ್ನ ಹೆಸರಿನ ಮೇಲೇ ಅಂಟಿಸಿಕೊಂಡು ಹೋಗಿದ್ದೆ. ಅದನ್ನು ಉಗುರಿನಿಂದ ಎಬ್ಬಿಸಿ ನೋಡಿದವನು, "ಥೂ ನಿನ್ನ! ಹೆಣ್ಣಿನ ತಾಯೀನೇ ಇಲ್ದೆ ಎಂಥಾ ಮದ್ವೇನೇ? ಬರ್ತೀನಿ, ನಡಿ" ಎಂದ. ಹಾಗಾಗಿ ಮಿಕ್ಕ ಪತ್ರಿಕೆಗಳಲ್ಲಿ ಏಳೂ ದಾಯಾದಿಗಳ ಮೇಲೆ ಅಣ್ಣನ ಹೆಸರಿನ ಒಂದೊಂದು ದೊಡ್ಡ ಸ್ಟಿಕ್ಕರ್ ಅಂಟಿಸುತ್ತಿದ್ದೇನೆ. ಅವರು ಜಗಳಕ್ಕೆ ಬಂದರೆ ಕೊಡಲು ತಮ್ಮ ವಿಳಾಸವನ್ನು ಬರೆದಿಟ್ಟುಕೊಂಡಿದ್ದೇನೆ.